ಮಿಡಿತ ಸರಿಹೋಯಿತು, ಸರಿಮಾಡಿದ್ದು ಯಾವುದು?

ಬಳ್ಳಾರಿಯಿಂದ ರಾಯದುರ್ಗದ ಕಡೆಗೆ ಹೋದರೆ ನಡುವೆ ಬೊಮ್ಮನಹಾಳ್ ಸಿಗುತ್ತದೆ. ಸರ್ಕಾರದ ಕಾಗದ ತೆಲುಗಿನಲ್ಲಿ ಬರುತ್ತದೆ, ಮನೆಯ ಮಾತು ಕನ್ನಡದಲ್ಲಿ ನಡೆಯುತ್ತದೆ. 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ರಾಯದುರ್ಗ ತಾಲ್ಲೂಕು ಆಂಧ್ರದ ಪಾಲಿಗೆ ಹೋಯಿತು. ಆದರೂ ಎದೆ ಹಾರಿದಂತಾದವರು ಇಂದಿಗೂ ಬಳ್ಳಾರಿಯ ವಿಮ್ಸ್, ಅನಂತಪುರ, 1991ರಿಂದ ಉಚಿತ ಹೃದಯ ಚಿಕಿತ್ಸೆ ನೀಡುತ್ತಿರುವ ಪುಟ್ಟಪರ್ತಿಯ ಆಸ್ಪತ್ರೆ, ಬೆಂಗಳೂರಿನ ಜಯದೇವ ಎಂದು ನಾಲ್ಕು ಕಡೆ ಕಣ್ಣು ಹಾಯಿಸಬೇಕು. ಮಡಕಶಿರದವರ ಪಾಡೂ ಹೆಚ್ಚು ಬೇರೆಯಲ್ಲ. ಈ ನಾಲ್ಕು ದಾರಿಗಳ ಪಕ್ಕದಲ್ಲಿ ಐದನೆಯದೂ ಒಂದಿದೆ, ಅಕ್ಯುಪಂಕ್ಚರ್. ಅದೀಗ ಊರ ಹೊರಗಿನ ವಿದ್ಯೆಯಾಗಿ ಉಳಿದಿಲ್ಲ. 1938ರಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸರ ಜತೆ ಚೀನಾಕ್ಕೆ ಹೋಗಿದ್ದ ವೈದ್ಯತಂಡದ ಬಿ.ಕೆ. ಬಸು ಅವರು ಮುಂದೆ ಅಲ್ಲಿಂದಲೇ ಈ ಸೂಜಿ ವಿದ್ಯೆಯನ್ನು ಕಲಿತು ಕೋಲ್ಕತ್ತಕ್ಕೆ ತಂದರು. ಇಂದು ಉಜಿರೆಯ ಪ್ರಕೃತಿ ಚಿಕಿತ್ಸಾ ಕಾಲೇಜಿನಂಥ ಕಡೆಗಳಲ್ಲಿ ನಡೆಯುವ ಬಿಎನ್‌ವೈಎಸ್ ಪದವಿಯಲ್ಲಿ ಅದೊಂದು ಪಾಠ. 2019ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೇ ಅದಕ್ಕೆ ಸ್ವತಂತ್ರ ಪದ್ಧತಿಯ ಮಾನ್ಯತೆ ಕೊಟ್ಟಿತು. ಮಾನ್ಯತೆ ಸಿಕ್ಕ ಮೇಲೆ ‘ಇದು ಎದೆಬಡಿತಕ್ಕೂ ಆಗುತ್ತದೆಯೇ’ ಎಂದು ರೋಗಿ ಕೇಳುವುದು ಸಹಜ. ಆ ಪ್ರಶ್ನೆಯನ್ನು ತಳ್ಳಿಹಾಕಬೇಕಿಲ್ಲ, ಹಾಗೆಂದು ತಲೆಯಾಡಿಸಿ ಒಪ್ಪಿಬಿಡಬೇಕಿಲ್ಲ. ಪರೀಕ್ಷಿಸಬೇಕು. ಆದರೆ ಈ ರೋಗದ ಗುಣವೇ ಪರೀಕ್ಷಿಸಲು ಹೊರಟವರ ದಾರಿ ತಪ್ಪಿಸುವಂಥದ್ದು ಎಂಬುದು ಈ ಲೇಖನದ ವಾದ.

ಮಿಡಿತ ತಪ್ಪುವ ಕಾಯಿಲೆಗಳು ಹಲವು. ಅವುಗಳಲ್ಲಿ ಹೆಚ್ಚಾಗಿ ಕಾಣುವ, ಸೂಜಿಯ ಪ್ರಯೋಗಕ್ಕೂ ಹೆಚ್ಚಾಗಿ ಒಳಗಾಗಿರುವ ಕಾಯಿಲೆ ಏಟ್ರಿಯಲ್ ಫಿಬ್ರಿಲೇಷನ್. ಹೃದಯದ ಮೇಲಿನ ಎರಡು ಕೋಣೆಗಳು ಒಟ್ಟಾಗಿ ಹಿಂಡುವುದನ್ನು ಬಿಟ್ಟು ಅಲ್ಲಲ್ಲೇ ಅದುರತೊಡಗುತ್ತವೆ. ಮುಂಗೈ ಹಿಡಿದು ನೋಡಿದರೆ ನಾಡಿ ಒಮ್ಮೆ ಬೇಗ, ಒಮ್ಮೆ ತಡವಾಗಿ, ಒಮ್ಮೆ ಬಲವಾಗಿ, ಒಮ್ಮೆ ಸಿಕ್ಕೂ ಸಿಗದಂತೆ ಬಡಿಯುತ್ತದೆ. ಡೊಳ್ಳಿನವನು ಒಂದು ಪೆಟ್ಟು ತಪ್ಪಿದರೂ ಮತ್ತೆ ತಾಳಕ್ಕೆ ಬರುತ್ತಾನೆ. ಇಲ್ಲಿ ಮರಳಿ ಬರಲು ತಾಳವೇ ಇರುವುದಿಲ್ಲ. ಆದರೆ ಅಪಾಯ ಇರುವುದು ಈ ಬಡಿತದಲ್ಲಿ ಮಾತ್ರವಲ್ಲ. ಅದುರುವ ಕೋಣೆಯ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹಾರಿದರೆ ಲಕ್ವ ಹೊಡೆಯುತ್ತದೆ. ಈ ಕಾಯಿಲೆಯಿದ್ದವರಿಗೆ ಲಕ್ವದ ಅಪಾಯ ಸುಮಾರು ಐದು ಪಟ್ಟು ಎಂದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ ತೋರಿಸಿತ್ತು. ನಮ್ಮಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ. ಹಲವು ದೇಶಗಳ ರೋಗಿಗಳನ್ನು ದಾಖಲಿಸಿ 2014ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಉತ್ತರ ಅಮೆರಿಕದ ಫಿಬ್ರಿಲೇಷನ್ ರೋಗಿಗಳಲ್ಲಿ ಶೇ 2.2ರಷ್ಟು ಜನರಿಗೆ ಮಾತ್ರ ಸಂಧಿವಾತ ಜ್ವರದಿಂದ ಬಂದ ಹೃದ್ರೋಗವಿದ್ದರೆ, ಭಾರತದಲ್ಲಿ ಅದು ಶೇ 31.5. ಬಾಲ್ಯದಲ್ಲಿ ಗಂಟಲು ನೋವು, ಕೀಲು ಊತ ಎಂದು ಬಂದುಹೋದ ಜ್ವರ ಕವಾಟವನ್ನು ಕೆಡಿಸಿ, ಮುಂದೆ ಮೂವತ್ತು ನಲವತ್ತರ ಹೆಣ್ಣುಮಗಳ ಎದೆಬಡಿತವನ್ನು ಹದಗೆಡಿಸುವ ಕಥೆ ಅದು. ಮುಂದೆ ನೋಡಲಿರುವ ಇಟಲಿಯ ಪರೀಕ್ಷೆಯಂತೆ ಮಿಲಾನಿನ ಎಪ್ಪತ್ತರ ಮುದುಕನ ಮೇಲೆ ನಡೆದ ಪರೀಕ್ಷೆಯ ಫಲವನ್ನು ಅವಳಿಗೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ.

ಮೊದಲ ತೊಡಕು ಇದು: ಈ ಮಿಡಿತ ಎಷ್ಟೋ ಸಲ ತನ್ನಷ್ಟಕ್ಕೆ ತಾನೇ ಸರಿಹೋಗುತ್ತದೆ. 2019ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು ಹೊಸದಾಗಿ ಫಿಬ್ರಿಲೇಷನ್ ಶುರುವಾಗಿ ತುರ್ತು ವಿಭಾಗಕ್ಕೆ ಬಂದ 437 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕೂಡಲೇ ಔಷಧ ಅಥವಾ ವಿದ್ಯುತ್ ಆಘಾತ ಕೊಟ್ಟು ಮಿಡಿತವನ್ನು ತಾಳಕ್ಕೆ ತಂದರು. ಇನ್ನೊಂದು ಗುಂಪಿಗೆ ವೇಗ ತಗ್ಗಿಸುವ ಮಾತ್ರೆಯನ್ನಷ್ಟೇ ಕೊಟ್ಟು ಕಾದರು. ಕಾದವರಲ್ಲಿ ಶೇ 69ರಷ್ಟು ಮಂದಿಯ ಮಿಡಿತ 48 ಗಂಟೆಗಳೊಳಗೆ ತಾನಾಗಿ ಸರಿಹೋಯಿತು. ಈಗ 2008ರಲ್ಲಿ ಪ್ರಕಟವಾದ ಒಂದು ವಿಮರ್ಶೆಯನ್ನು ಇದರ ಪಕ್ಕಕ್ಕಿಟ್ಟು ಓದಬೇಕು. ಮಿಡಿತ ತಪ್ಪಿದವರಿಗೆ ಸೂಜಿ ಚುಚ್ಚಿ ನೋಡಿದ 8 ಅಧ್ಯಯನಗಳನ್ನು ಒಟ್ಟುಗೂಡಿಸಿದ ಆ ಬರಹದಲ್ಲಿ, ಶೇ 87ರಿಂದ 100ರಷ್ಟು ಜನರ ಮಿಡಿತ ಸರಿಯಾದ ವರದಿ ಇತ್ತು. ಓದಿದವರಿಗೆ ರೋಮಾಂಚನವಾಗುವ ಅಂಕಿ. ಆದರೆ ಸೂಜಿ ಚುಚ್ಚದೆ ಕಾದವರ ಗತಿ ಏನಾಯಿತು ಎಂಬ ಲೆಕ್ಕ ಪಕ್ಕದಲ್ಲಿ ಇಲ್ಲದಿದ್ದರೆ 87ಕ್ಕೂ 100ಕ್ಕೂ ಅರ್ಥವಿಲ್ಲ. ರೋಗಿ ಸೂಜಿಯ ಕಡೆ ಹೋಗುವುದು ಎದೆ ತುಂಬ ಡವಗುಟ್ಟಿದ ದಿನ. ಅದು ಏರಿದ ಅಲೆಯ ತುದಿ. ತುದಿಯಿಂದ ಅಲೆ ಇಳಿಯಲೇಬೇಕು. ಇಳಿಯುವ ಹೊತ್ತಿಗೆ ಕೈಯಲ್ಲಿ ಸೂಜಿ ಇದ್ದರೆ ಸೂಜಿಗೆ, ತಾಯಿತವಿದ್ದರೆ ತಾಯಿತಕ್ಕೆ, ಮಾತ್ರೆಯಿದ್ದರೆ ಮಾತ್ರೆಗೆ ಹೆಸರು ಬರುತ್ತದೆ.

ಹಾಗಾದರೆ ರೋಗಿಯ ಅನುಭವಕ್ಕೆ ಬೆಲೆಯೇ ಇಲ್ಲವೇ? ಇದೆ, ಆದರೆ ಅದು ಪ್ರಶ್ನೆಯನ್ನು ಎತ್ತಿಕೊಡುವ ಬೆಲೆ. ಹೃದ್ರೋಗದ ಚರಿತ್ರೆಯಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವಿದೆ. 1912ರಲ್ಲಿ ಡಚ್ ವೈದ್ಯ ಕಾರೆಲ್ ವೆಂಕೆಬಾಖ್ ಅವರ ಬಳಿಗೆ ಬಂದ ವ್ಯಾಪಾರಿಯೊಬ್ಬ, ತಾನು ಕ್ವಿನೈನ್ ನುಂಗಿದರೆ ತಪ್ಪಿದ ನಾಡಿ ಸರಿಯಾಗುತ್ತದೆ, ಬೇಕಾದರೆ ನಾಳೆ ತೋರಿಸುತ್ತೇನೆ ಎಂದು ಪಣ ತೊಟ್ಟಂತೆ ಹೇಳಿ ಹೋದ. ಮರುದಿನ ಸರಿಯಾದ ನಾಡಿಯೊಂದಿಗೆ ಬಂದ. ಮಲೇರಿಯಾದ ಸೀಮೆಯಲ್ಲಿ ಓಡಾಡಿದವನಿಗೆ ಕ್ವಿನೈನ್ ಹೊಸದಲ್ಲ. ವೈದ್ಯರಿಗೆ ಆ ಮಾತು ಹೊಸದು. ಅವರು ಅದನ್ನು ನಕ್ಕು ಬಿಡಲಿಲ್ಲ, ಬರೆದಿಟ್ಟರು. 1918ರಲ್ಲಿ ವಾಲ್ಟರ್ ಫ್ರೇ ಅದೇ ಜಾತಿಯ ಕ್ವಿನಿಡಿನ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆಂದು ತೋರಿಸಿದರು, ಅದು ದಶಕಗಳ ಕಾಲ ಬಳಕೆಯಲ್ಲಿತ್ತು. ಕಥೆ ಅಲ್ಲಿಗೆ ಮುಗಿಯಲಿಲ್ಲ. 1990ರಲ್ಲಿ 6 ಪ್ರಯೋಗಗಳ 808 ರೋಗಿಗಳ ಲೆಕ್ಕವನ್ನು ಒಟ್ಟಿಗೆ ಹಾಕಿ ನೋಡಿದಾಗ, ಒಂದು ವರ್ಷದ ಕೊನೆಗೆ ಕ್ವಿನಿಡಿನ್ ತೆಗೆದುಕೊಂಡವರಲ್ಲಿ ಅರ್ಧದಷ್ಟು ಜನರ ಮಿಡಿತ ಸರಿಯಾಗಿತ್ತು, ತೆಗೆದುಕೊಳ್ಳದವರಲ್ಲಿ ಕಾಲುಭಾಗದಷ್ಟು ಜನರದು ಮಾತ್ರ. ವ್ಯಾಪಾರಿ ಹೇಳಿದ್ದು ನಿಜವಾಗಿತ್ತು. ಆದರೆ ಸತ್ತವರು ಮಾತ್ರೆಯ ಗುಂಪಿನಲ್ಲಿ ಶೇ 2.9, ಇನ್ನೊಂದರಲ್ಲಿ ಶೇ 0.8. ಮಿಡಿತ ಸರಿಹೋಗುವುದು ಬೇರೆ, ರೋಗಿಗೆ ಒಳ್ಳೆಯದಾಗುವುದು ಬೇರೆ ಎಂಬ ಪಾಠವನ್ನು ಕಲಿಯಲು ವೈದ್ಯಲೋಕಕ್ಕೆ ಏಳು ದಶಕ ಹಿಡಿಯಿತು. ಸೂಜಿಯನ್ನು ಪರೀಕ್ಷಿಸುವವರು ಅದೇ ಪಾಠವನ್ನು ಮೊದಲಿನಿಂದ ಕಲಿಯಬೇಕಾಗಿಲ್ಲ.

ಈ ವಿಷಯದಲ್ಲಿ ಹೆಚ್ಚಾಗಿ ಉಲ್ಲೇಖಗೊಳ್ಳುವ ಪರೀಕ್ಷೆ ಇಟಲಿಯ ಮಿಲಾನಿನದು, ಪ್ರಕಟವಾದದ್ದು 2011ರಲ್ಲಿ. ಅದನ್ನು ಹತ್ತಿರದಿಂದ ನೋಡುವುದು ಲೇಸು. ವಿದ್ಯುತ್ ಆಘಾತದಿಂದ ಮಿಡಿತ ಸರಿಪಡಿಸಿಕೊಂಡ 80 ಜನ ಅದರಲ್ಲಿದ್ದರು. ಮೊದಲೇ ಮಿಡಿತವನ್ನು ತಾಳದಲ್ಲಿಡುವ ಅಮಿಯೊಡಾರೋನ್ ಮಾತ್ರೆಯಲ್ಲಿದ್ದ 17 ಜನರನ್ನು ಹೋಲಿಕೆಗೆಂದು ಬೇರೆ ಇಟ್ಟರು. ಉಳಿದವರಲ್ಲಿ 26 ಜನರಿಗೆ ವಾರಕ್ಕೊಮ್ಮೆಯಂತೆ ಹತ್ತು ವಾರ ನಿಜವಾದ ಬಿಂದುಗಳಲ್ಲಿ ಸೂಜಿ, 13 ಜನರಿಗೆ ಹುಸಿ ಸೂಜಿ, 24 ಜನರಿಗೆ ಎರಡೂ ಇಲ್ಲ. ನಿಜವಾದ ಬಿಂದುಗಳಲ್ಲಿ ಮುಖ್ಯವಾದದ್ದು ನೇಯ್‌ಗುವಾನ್: ಅಂಗೈ ಮೇಲೆ ಮಾಡಿ ಹಿಡಿದಾಗ ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಎದ್ದು ಕಾಣುವ ಎರಡು ನರಗಳೆಂದು ನಾವು ಕರೆಯುವ ಸ್ನಾಯುರಜ್ಜುಗಳ ನಡುವಿನ ತಗ್ಗು. ವರ್ಷದ ಕೊನೆಗೆ ಮಿಡಿತ ಮತ್ತೆ ಕೆಟ್ಟದ್ದು ಮಾತ್ರೆಯವರಲ್ಲಿ ಶೇ 27, ಸೂಜಿಯವರಲ್ಲಿ ಶೇ 35, ಏನೂ ಇಲ್ಲದವರಲ್ಲಿ ಶೇ 54, ಹುಸಿ ಸೂಜಿಯವರಲ್ಲಿ ಶೇ 69. ಮೇಲ್ನೋಟಕ್ಕೆ ಸೂಜಿ ಗೆದ್ದಂತೆಯೇ. ಆದರೆ ಶೇಕಡಾವನ್ನು ತಲೆಗಳಿಗೆ ಇಳಿಸಿ ನೋಡೋಣ. 26ರಲ್ಲಿ ಶೇ 35 ಎಂದರೆ ಸುಮಾರು 9 ಜನ. 13ರಲ್ಲಿ ಶೇ 69 ಎಂದರೂ 9 ಜನ. ಆ 13ರಲ್ಲಿ ಇನ್ನಿಬ್ಬರ ಮಿಡಿತ ಕೆಡದೆ ಉಳಿದಿದ್ದರೆ 69 ಎಂಬುದು 54ಕ್ಕೆ ಇಳಿದು, ಏನೂ ಮಾಡದವರ ಲೆಕ್ಕಕ್ಕೆ ಸರಿಯಾಗುತ್ತಿತ್ತು. ಇಬ್ಬರ ಮೇಲೆ ನಿಂತ ಅಂತರದಿಂದ ಲಕ್ಷಾಂತರ ಜನರ ಚಿಕಿತ್ಸೆ ತೀರ್ಮಾನಿಸಲಾಗದು. ಹುಸಿ ಸೂಜಿಯವರು ಏನೂ ಇಲ್ಲದವರಿಗಿಂತ ಕೆಟ್ಟರು ಎಂಬುದೂ ಅನುಮಾನ ಹುಟ್ಟಿಸಬೇಕು: ಹುಸಿ ಸೂಜಿ ಹಾನಿ ಮಾಡಿತೆನ್ನಲು ಕಾರಣವಿಲ್ಲ, ಗುಂಪು ಚಿಕ್ಕದಾದಾಗ ಅದೃಷ್ಟ ಆಡುವ ಆಟ ಅದು. 54 ಮತ್ತು 35ರ ನಡುವಿನ ಅಂತರ ನಿಜವೇ ಎಂದು ತಿಳಿಯಲು ಸಂಖ್ಯಾಶಾಸ್ತ್ರದ ಸಾಮಾನ್ಯ ಸೂತ್ರದ ಪ್ರಕಾರ ಗುಂಪಿಗೆ ಸುಮಾರು ನೂರು ಜನ ಬೇಕು. ಮಿಲಾನಿನವರು ಸುಳ್ಳು ಹೇಳಲಿಲ್ಲ. ದೊಡ್ಡ ಪರೀಕ್ಷೆ ಮಾಡುವಷ್ಟು ಸುಳಿವು ಕೊಟ್ಟರು. ಸುಳಿವನ್ನೇ ತೀರ್ಪೆಂದು ಓದಿದ್ದು ನಮ್ಮ ತಪ್ಪು.

ಇಲ್ಲಿ ಅಕ್ಯುಪಂಕ್ಚರಿನ ಪರವಾಗಿ ಒಂದು ಗಟ್ಟಿಯಾದ ಆಕ್ಷೇಪವಿದೆ. ಮಾತ್ರೆಗೆ ಸಕ್ಕರೆ ಗುಳಿಗೆಯ ಹುಸಿ ಸಿಗುತ್ತದೆ, ಸೂಜಿಗೆ ಎಲ್ಲಿಂದ ತರುವುದು? ತಪ್ಪು ಜಾಗದಲ್ಲಿ ಚುಚ್ಚಿದರೂ ಅದು ಚುಚ್ಚಿದ್ದೇ. ನರ ಎಚ್ಚರಗೊಳ್ಳುತ್ತದೆ, ಮೈ ಉತ್ತರ ಕೊಡುತ್ತದೆ. ಹಾಗಾಗಿ ಹುಸಿಗೂ ನಿಜಕ್ಕೂ ಅಂತರ ಕಾಣದಿದ್ದರೆ ಸೂಜಿ ಸೋತಿತು ಎನ್ನುವುದು ಅನ್ಯಾಯ ಎನ್ನುತ್ತಾರೆ. ಮಾತಿನಲ್ಲಿ ಹುರುಳಿದೆ. ಈ ತೊಡಕಿಗೆಂದೇ 1998ರಲ್ಲಿ ಜರ್ಮನಿಯಲ್ಲಿ ಸ್ಟ್ರೈಟ್‌ಬರ್ಗರ್ ಎಂಬವರು ಮೊಂಡು ಸೂಜಿಯೊಂದನ್ನು ಮಾಡಿದರು. ನಾಟಕದ ಕಂಪನಿಯವರ ಚೂರಿಯಂತೆ ಅದರ ಅಲಗು ಒತ್ತಿದಾಗ ಹಿಡಿಯೊಳಗೆ ಸರಿಯುತ್ತದೆ. ಚರ್ಮಕ್ಕೆ ಮೊನೆ ತಾಗುತ್ತದೆ, ಒಳಗಿಳಿಯುವುದಿಲ್ಲ. ಆದರೂ ಚುಚ್ಚುವವನಿಗೆ ಸತ್ಯ ಗೊತ್ತಿರುತ್ತದೆ, ಅವನ ಮುಖಭಾವ ರೋಗಿಗೆ ಗೊತ್ತಾಗಬಹುದು. ಈ ಆಕ್ಷೇಪಕ್ಕೆ ಉತ್ತರ ಎರಡು. ಒಂದು, ಹುಸಿಯೂ ಅಷ್ಟೇ ಫಲ ಕೊಟ್ಟರೆ ಬಿಂದು, ನಾಡಿಮಾರ್ಗಗಳ ಶಾಸ್ತ್ರವನ್ನು ಬಿಟ್ಟುಕೊಡಬೇಕಾಗುತ್ತದೆ. ‘ಎಲ್ಲಿ ಚುಚ್ಚಿದರೂ ಆದೀತು’ ಎಂದು ಯಾವ ಅಕ್ಯುಪಂಕ್ಚರ್ ಗುರುವೂ ಕಲಿಸುವುದಿಲ್ಲ. ಎರಡು, ಎದೆಬಡಿತ ನೋವಿನಂತಲ್ಲ. ನೋವು ಎಷ್ಟಿದೆ ಎಂದು ರೋಗಿಯೇ ಹೇಳಬೇಕು. ಮಿಡಿತವನ್ನು ಹೋಲ್ಟರ್ ಯಂತ್ರ ಅಥವಾ ಚರ್ಮದಡಿ ಕೂರಿಸುವ ಪುಟ್ಟ ದಾಖಲೆ ಸಾಧನ ತಾನೇ ಬರೆದುಕೊಳ್ಳುತ್ತದೆ. ಇಸಿಜಿ ಪಟ್ಟಿಯನ್ನು ಓದುವ ವೈದ್ಯರಿಗೆ ಯಾರಿಗೆ ಯಾವ ಸೂಜಿ ಎಂದು ತಿಳಿಸದಿದ್ದರೆ ಸಾಕು, ನಂಬಿಕೆಯ ಪ್ರಭಾವ ಬಹುಪಾಲು ಹೊರಗುಳಿಯುತ್ತದೆ. ಸೂಜಿಯನ್ನು ನ್ಯಾಯವಾಗಿ ಪರೀಕ್ಷಿಸಲು ಬರುವ ಕಾಯಿಲೆ ಒಂದಿದ್ದರೆ ಅದು ಇದೇ.

‘ನಮಗೆ ಮಾತ್ರ ಹುಸಿಯ ಪರೀಕ್ಷೆ, ನಿಮ್ಮ ಆಪರೇಷನ್ನಿಗೇಕಿಲ್ಲ?’ ಎಂಬುದು ಎರಡನೆಯ ಆಕ್ಷೇಪ. ಬಹುಕಾಲ ಇದಕ್ಕೆ ಆಧುನಿಕ ವೈದ್ಯದ ಬಳಿ ಉತ್ತರವಿರಲಿಲ್ಲ. ತೊಡೆಯ ರಕ್ತನಾಳದಿಂದ ತೂರಿಸಿದ ಕೊಳವೆಯಿಂದ ಹೃದಯದೊಳಗಿನ ಅಂಗಾಂಶವನ್ನು ಸುಡುವ ಅಥವಾ ಹಿಮಗಟ್ಟಿಸುವ ಅಬ್ಲೇಷನ್ ಚಿಕಿತ್ಸೆಯನ್ನು ಹುಸಿಯೊಂದಿಗೆ ಹೋಲಿಸದೆಯೇ ವರ್ಷಗಟ್ಟಲೆ ಮಾಡಲಾಯಿತು. ಕೊನೆಗೂ ಬ್ರಿಟನ್ನಿನ ಎರಡು ಆಸ್ಪತ್ರೆಗಳಲ್ಲಿ 126 ಜನರ ಮೇಲೆ ಆ ಪರೀಕ್ಷೆ ನಡೆದು 2024ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ನಿಜವಾದ ಅಬ್ಲೇಷನ್, ಉಳಿದವರಿಗೆ ಅದರ ನಟನೆ. ಆರು ತಿಂಗಳಲ್ಲಿ ಫಿಬ್ರಿಲೇಷನ್ನಿನ ಹೊರೆ, ಅಂದರೆ ಮಿಡಿತ ತಪ್ಪಿರುವ ಹೊತ್ತಿನ ಪಾಲು, ನಿಜವಾದ ಗುಂಪಿನಲ್ಲಿ ಶೇ 60ರಷ್ಟು ಇಳಿಯಿತು, ನಟನೆಯ ಗುಂಪಿನಲ್ಲೂ ಶೇ 35ರಷ್ಟು ಇಳಿಯಿತು. ಈ ಎರಡನೆಯ ಅಂಕಿಯನ್ನು ಸೂಜಿಯ ಬೆಂಬಲಿಗರೂ ವಿರೋಧಿಗಳೂ ಕಂಠಪಾಠ ಮಾಡಬೇಕು. ಏನೂ ಸುಡದೆ ಮೂರನೇ ಒಂದು ಭಾಗದಷ್ಟು ಹೊರೆ ಇಳಿಯುವ ರೋಗ ಇದು. ಅದನ್ನು ಮೀರಿದ್ದು ಮಾತ್ರ ಚಿಕಿತ್ಸೆಯ ಗಳಿಕೆ. ಅಬ್ಲೇಷನ್ ಆ ಗೆರೆಯನ್ನು ದಾಟಿತು. ಸೂಜಿ ದಾಟುತ್ತದೆಯೋ ಇಲ್ಲವೋ ಎಂಬುದು ಇಷ್ಟೇ ಕಟ್ಟುನಿಟ್ಟಿನ ಪರೀಕ್ಷೆ ನಡೆದಾಗ ಗೊತ್ತಾಗಬೇಕು. ಅಳತೆಗೋಲು ಎಲ್ಲರಿಗೂ ಒಂದೇ ಎಂಬ ಬೇಡಿಕೆ ಸರಿಯಾದದ್ದು. ಅದರ ಅರ್ಥ ಸೂಜಿಗೆ ರಿಯಾಯಿತಿ ಎಂದಲ್ಲ.

ಮೂರನೆಯ ವಾದ ಶರೀರಶಾಸ್ತ್ರದ್ದು. ನೇಯ್‌ಗುವಾನ್ ಬಿಂದುವಿನ ಕೆಳಗೆ ಮೀಡಿಯನ್ ನರ ಹಾದುಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಬೆಕ್ಕುಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಅಲ್ಲಿ ವಿದ್ಯುತ್ ಸೂಜಿ ಕೊಟ್ಟಾಗ ಹೃದಯವನ್ನು ಕೆರಳಿಸುವ ನರಗಳ ಚಟುವಟಿಕೆ ತಗ್ಗಿತ್ತು. ಅದೇ ಬಿಂದುವನ್ನು ಪ್ರಚೋದಿಸಿದರೆ ಆಪರೇಷನ್ ನಂತರದ ವಾಕರಿಕೆ ಕಡಿಮೆಯಾಗುತ್ತದೆಂದು 59 ಪ್ರಯೋಗಗಳನ್ನು ಕೂಡಿಸಿದ 2015ರ ಕಾಕ್ರೇನ್ ವಿಮರ್ಶೆಯೂ ಹೇಳಿದೆ. ಆದ್ದರಿಂದ ಆ ಜಾಗಕ್ಕೆ ಏನೂ ಶಕ್ತಿಯಿಲ್ಲವೆಂದು ಹೇಳಿ ಬಾಗಿಲು ಹಾಕಲಾಗದು. ಆದರೆ ವಾಕರಿಕೆ ನಿಂತ ಮಾತ್ರಕ್ಕೆ ಮಿಡಿತ ಸರಿಹೋಗುತ್ತದೆಂದೂ ಅಲ್ಲ. ಹೃದಯವನ್ನು ಶಾಂತಗೊಳಿಸುವ ವೇಗಸ್ ನರವನ್ನೇ ಬಲವಾಗಿ ಕೆರಳಿಸಿ ಪ್ರಯೋಗಾಲಯದ ಪ್ರಾಣಿಗಳಲ್ಲಿ ಫಿಬ್ರಿಲೇಷನ್ ತರಿಸುತ್ತಾರೆ. ಮದ್ದಿಗೂ ವಿಷಕ್ಕೂ ಪ್ರಮಾಣದ ವ್ಯತ್ಯಾಸ ಎಂಬ ಮಾತು ನರಕ್ಕೂ ಸಲ್ಲುತ್ತದೆ. ಈ ದಾರಿಯಲ್ಲಿ ಅಚ್ಚುಕಟ್ಟಾದ ಪರೀಕ್ಷೆ ನಡೆದದ್ದು ಸೂಜಿಯಿಲ್ಲದೆ. 2020ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 53 ರೋಗಿಗಳು ದಿನಕ್ಕೊಂದು ಗಂಟೆ, ಆರು ತಿಂಗಳು, ಕಿವಿಗೆ ಸಣ್ಣ ವಿದ್ಯುತ್ ಕ್ಲಿಪ್ ಹಾಕಿಕೊಂಡರು. ಅರ್ಧ ಜನ ಕಿವಿಯ ತೂತಿನ ಮುಂದಿರುವ ಪುಟ್ಟ ಉಬ್ಬಿಗೆ, ಅಲ್ಲಿ ವೇಗಸ್ ನರದ ಎಳೆಯಿದೆ; ಉಳಿದವರು ಓಲೆ ತೂಗುವ ಹಾಲೆಗೆ, ಅಲ್ಲಿ ಅದಿಲ್ಲ. ಮೊದಲ ಗುಂಪಿನಲ್ಲಿ ಫಿಬ್ರಿಲೇಷನ್ನಿನ ಹೊರೆ ಎರಡನೆಯದಕ್ಕಿಂತ ಶೇ 85ರಷ್ಟು ಕಡಿಮೆಯಿತ್ತು. ಇದೂ ಚಿಕ್ಕ ಪ್ರಯೋಗವೇ, ಆದರೆ ಹುಸಿ ಎಂದರೆ ಹೇಗಿರಬೇಕು ಎಂಬುದಕ್ಕೆ ಮಾದರಿ. ಇದಕ್ಕೆ ಪ್ರತಿಯಾಗಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರ ಯೋಗಶೈಲಿಯನ್ನು ಬಳಸಿದ 2013ರ ಅಮೆರಿಕದ ಅಧ್ಯಯನವನ್ನು ನೋಡಿ. 49 ಜನರಲ್ಲಿ ಎದೆ ಹಾರುವ ಸಂದರ್ಭಗಳು ಸರಾಸರಿ 3.8ರಿಂದ 2.1ಕ್ಕೆ ಇಳಿದವು, ಆದರೆ ಮೊದಲ ಮೂರು ತಿಂಗಳು ಸುಮ್ಮನೆ, ನಂತರದ ಮೂರು ತಿಂಗಳು ಯೋಗ, ಬೇರೆ ಗುಂಪಿರಲಿಲ್ಲ. ನಮ್ಮ ನೆಲದ ವಿದ್ಯೆ ಎಂಬ ಅಭಿಮಾನ ಅಂಥ ಕೊರತೆಯನ್ನು ಮುಚ್ಚಬಾರದು.

ಅಭಿಮಾನದ ಪ್ರಸ್ತಾಪ ಬಂದಾಗ ಇನ್ನೊಂದು ಅಂಕಿ ಹೇಳಲೇಬೇಕು. 1998ರಲ್ಲಿ ಕೆಲವು ಸಂಶೋಧಕರು ಯಾವ ದೇಶದಿಂದ ಬಂದ ಅಕ್ಯುಪಂಕ್ಚರ್ ಪ್ರಯೋಗಗಳು ಏನು ಹೇಳುತ್ತವೆ ಎಂದು ಎಣಿಸಿದರು. ಚೀನಾ, ಜಪಾನ್, ಹಾಂಗ್‌ಕಾಂಗ್, ತೈವಾನ್‌ಗಳಿಂದ ಬಂದ ಪ್ರತಿಯೊಂದು ಪ್ರಯೋಗವೂ ಸೂಜಿಗೆ ಜಯವನ್ನೇ ಸಾರಿತ್ತು. ಎಂಥ ಒಳ್ಳೆಯ ಔಷಧವೂ ಕೆಲವು ಪರೀಕ್ಷೆಗಳಲ್ಲಿ ಅದೃಷ್ಟ ಕೆಟ್ಟು ಸೋಲುತ್ತದೆ. ಎಂದೂ ಸೋಲದ ದಾಖಲೆ ಇದೆಯೆಂದರೆ ಸೋತ ಪ್ರಯೋಗಗಳು ಕಪಾಟಿನಲ್ಲೇ ಉಳಿದಿವೆ ಎಂದು ತಿಳಿಯಬೇಕು. ನಮ್ಮಲ್ಲಿ 2007ರಲ್ಲಿ ಶುರುವಾದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ವ್ಯವಸ್ಥೆ ಇರುವುದು ಇದಕ್ಕಾಗಿಯೇ. ಯಾರನ್ನು, ಎಷ್ಟು ಜನರನ್ನು, ಯಾವ ಫಲಕ್ಕಾಗಿ ಪರೀಕ್ಷಿಸುತ್ತೇವೆಂದು ಮೊದಲೇ ಬರೆದುಕೊಟ್ಟರೆ ಆಮೇಲೆ ಗುರಿಯನ್ನು ಬಾಣ ಬಿದ್ದ ಕಡೆಗೆ ಸರಿಸಲು ಬರುವುದಿಲ್ಲ.

ಯಾವ ಫಲವನ್ನು ನೋಡಬೇಕು ಎಂಬುದೇ ಕೊನೆಯ, ಎಲ್ಲಕ್ಕಿಂತ ಭಾರದ ಪ್ರಶ್ನೆ. 1980ರ ದಶಕದಲ್ಲಿ ಹೃದಯಾಘಾತದ ನಂತರ ತಪ್ಪು ಮಿಡಿತಗಳನ್ನು ಅಡಗಿಸುವ ಎನ್‌ಕೈನೈಡ್, ಫ್ಲೆಕೈನೈಡ್ ಮಾತ್ರೆಗಳು ಬಳಕೆಯಲ್ಲಿದ್ದವು. ಇಸಿಜಿ ಪಟ್ಟಿ ಸ್ವಚ್ಛವಾಗುತ್ತಿತ್ತು. ಕಾಸ್ಟ್ ಎಂಬ ಪ್ರಯೋಗದ ಲೆಕ್ಕ 1991ರಲ್ಲಿ ಪೂರ್ತಿಯಾಗಿ ಹೊರಬಂದಾಗ ಮಾತ್ರೆಯ 755 ಜನರಲ್ಲಿ 63, ಹುಸಿ ಮಾತ್ರೆಯ 743 ಜನರಲ್ಲಿ 26 ಮಂದಿ ಸತ್ತಿದ್ದರು. ಸೂಜಿಗೆ ಇಂಥ ವಿಷವಿಲ್ಲ, ನಿಜ. ಆದರೆ ಅದರ ಅಪಾಯ ಬೇರೊಂದು ಬಾಗಿಲಿನಿಂದ ಬರುತ್ತದೆ. 4,060 ಜನರ ಮೇಲೆ ನಡೆದ 2002ರ ಅಫರ್ಮ್ ಪ್ರಯೋಗದಲ್ಲಿ ಮಿಡಿತ ಸರಿಪಡಿಸಿಕೊಂಡವರಲ್ಲೂ, ಬರೀ ವೇಗ ತಗ್ಗಿಸಿಕೊಂಡವರಲ್ಲೂ ಲಕ್ವ ಹೊಡೆದದ್ದು ಬಹುಪಾಲು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನಿಲ್ಲಿಸಿದವರಿಗೆ ಅಥವಾ ಆ ಮಾತ್ರೆಯ ಪರಿಣಾಮವನ್ನು ಅಳೆಯುವ ರಕ್ತಪರೀಕ್ಷೆಯಲ್ಲಿ ಐಎನ್‌ಆರ್ ಮಟ್ಟ ಸಾಲದವರಿಗೆ. ಎಂದರೆ ಎದೆ ಹಾರುವುದು ನಿಂತರೂ ಹೆಪ್ಪಿನ ಭಯ ನಿಲ್ಲುವುದಿಲ್ಲ. ಕವಾಟ ಕೆಟ್ಟವರಿಗಂತೂ ಇದು ಇನ್ನೂ ನಿಜ. ದೆಹಲಿಯ ಏಮ್ಸ್‌ನ ಗಣೇಶನ್ ಕಾರ್ತಿಕೇಯನ್ ಅವರ ಮುಂದಾಳತ್ವದಲ್ಲಿ 24 ದೇಶಗಳ 4,531 ರೋಗಿಗಳ ಲೆಕ್ಕ ನೋಡಿದ 2022ರ ಪ್ರಯೋಗದಲ್ಲಿ, ಹೊಸ ದುಬಾರಿ ಮಾತ್ರೆಗಿಂತ ಐಎನ್‌ಆರ್ ನೋಡಿ ಕೊಡುವ ಹಳೆಯ ಮಾತ್ರೆ ತೆಗೆದುಕೊಂಡವರಲ್ಲಿ ಸಾವು ಕಡಿಮೆಯಿತ್ತು. ಆ ಪ್ರಯೋಗದ ರೋಗಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಹೆಂಗಸರು. ಆ ಹಳೆಯ ಮಾತ್ರೆ ಅಗ್ಗ, ಆದರೆ ತಿಂಗಳಿಗೊಮ್ಮೆಯಾದರೂ ರಕ್ತ ಕೊಟ್ಟು ಚೀಟಿ ಬರೆಸಿಕೊಳ್ಳುವ ಓಡಾಟ ತಪ್ಪದು. ಸೂಜಿಯಿಂದ ಎದೆ ತಣ್ಣಗಾಯಿತೆಂದು ಕವಾಟ ಕೆಟ್ಟ ಹೆಣ್ಣುಮಗಳು ಆ ಓಡಾಟ ಬಿಟ್ಟರೆ ಪರೀಕ್ಷೆಯಲ್ಲಿ ಸೂಜಿ ಗೆದ್ದರೂ ಮನೆಯಲ್ಲಿ ಸೋತಂತೆ. ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರಿಗೆ ಚುಚ್ಚಿದ ಕಡೆ ರಕ್ತ ಸೋರುವ, ಕಂದುಗಟ್ಟುವ ಸಾಧ್ಯತೆಯೂ ಹೆಚ್ಚು. ಎದೆಯ ಮೇಲೆ ಚುಚ್ಚುವುದಂತೂ ಬೇಡವೇ ಬೇಡ: ಎದೆಮೂಳೆಯಲ್ಲಿ ಹುಟ್ಟಿನಿಂದಲೇ ತೂತಿದ್ದ ಮಹಿಳೆಯ ಹೃದಯಕ್ಕೇ ಸೂಜಿ ತಾಗಿ ಆಕೆ ತೀರಿಕೊಂಡ ನಾರ್ವೆಯ ಪ್ರಕರಣ 1995ರಲ್ಲಿ ವರದಿಯಾಗಿದೆ.

ಹೀಗಿರುವಾಗ ನಡೆಸಬೇಕಾದ ಪರೀಕ್ಷೆಯ ರೂಪ ಕಷ್ಟದ್ದಲ್ಲ. ಪ್ರಕೃತಿ ಚಿಕಿತ್ಸೆಯ ಕಾಲೇಜು ಮತ್ತು ಹೃದ್ರೋಗದ ಆಸ್ಪತ್ರೆ ಕೂಡಿ ಮಾಡಬಹುದು. ಗುಂಪಿಗೆ ನೂರರಷ್ಟು ಜನ. ಕವಾಟದ ರೋಗಿಗಳನ್ನು ಉಳಿದವರೊಂದಿಗೆ ಬೆರೆಸದೆ ಬೇರೆಯಾಗಿ ಎಣಿಸಬೇಕು. ಒಂದು ಗುಂಪಿಗೆ ನಿಜವಾದ ಸೂಜಿ, ಒಂದಕ್ಕೆ ಮೊಂಡು ಸೂಜಿ, ಒಂದಕ್ಕೆ ಎರಡೂ ಇಲ್ಲ. ಮಾತ್ರೆ ಮಾತ್ರ ಮೂರಕ್ಕೂ ಒಂದೇ. ಮಿಡಿತವನ್ನು ಯಂತ್ರ ಬರೆಯಲಿ, ಎಣಿಸುವವರಿಗೆ ಗುಂಪು ತಿಳಿಯದಿರಲಿ, ಗಡುವು ಒಂದು ವರ್ಷ. ಕೊನೆಗೆ ಫಿಬ್ರಿಲೇಷನ್ನಿನ ಹೊರೆಯ ಜತೆಗೇ ಇನ್ನೊಂದು ಲೆಕ್ಕ ಇರಬೇಕು: ಸೂಜಿಯ ಗುಂಪಿನಲ್ಲಿ ಐಎನ್‌ಆರ್ ಚೀಟಿ ಬರೆಸಿಕೊಳ್ಳುವುದನ್ನು ಬಿಟ್ಟವರು ಎಷ್ಟು ಜನ? ಸೂಜಿ ಗೆದ್ದರೆ ಬೊಮ್ಮನಹಾಳಿನ ರೋಗಿಗೆ ಹಳೆಯ ನಾಲ್ಕು ದಾರಿಗಳ ಜತೆಗೆ ನಂಬಬಹುದಾದ ಐದನೆಯದು ಸಿಗುತ್ತದೆ. ಸೋತರೆ ಒಂದು ವೃಥಾ ಖರ್ಚು ತಪ್ಪುತ್ತದೆ. ಆ ಉತ್ತರ ಬರುವವರೆಗೆ ಸೂಜಿ ಹಾಕಿಸಿಕೊಳ್ಳುವವರು ಹಾಕಿಸಿಕೊಳ್ಳಲಿ, ಚುಚ್ಚುವವರು ಮುಂಗೈ ಹಿಡಿಯುವ ಮೊದಲು ಒಂದು ಮಾತು ಕೇಳಲಿ: ‘ಈ ತಿಂಗಳ ರಕ್ತದ ಚೀಟಿ ತಂದಿದ್ದೀರಾ?’